ಯಕೃತ್ತಿನ ಗಂಟು: ಯಾವ ಚಿತ್ರ ಏನನ್ನು ಕಾಣಿಸುತ್ತದೆ?

ದೊಡ್ಡ ಕರುಳಿನ ಕ್ಯಾನ್ಸರು ರಕ್ತದೊಡನೆ ಸಾಗಿ ಬಹುಮಟ್ಟಿಗೆ ಮೊದಲು ನೆಲೆಯೂರುವುದು ಯಕೃತ್ತಿನಲ್ಲಿ. ಅಲ್ಲಿನ ಗಂಟುಗಳನ್ನೆಲ್ಲ ಕತ್ತರಿಸಿ ತೆಗೆಯಲು ಸಾಧ್ಯವಾದರೆ ಕೆಲವರು ಪೂರ್ಣ ಗುಣ ಹೊಂದುವುದುಂಟು. ಒಂದು ಉಳಿದರೂ ರೋಗ ಮತ್ತೆ ಬೆಳೆಯಬಹುದು. ಆದುದರಿಂದ ಒಂದು ಪರೀಕ್ಷೆಯ ಮೇಲೆ ವೈದ್ಯರು ಮತ್ತೊಂದನ್ನು ಸೂಚಿಸಿದರೆ ಅದನ್ನು ವೃಥಾ ವೆಚ್ಚವೆಂದು ನಾವು ಎಣಿಸಲಾಗದು. ಒಂದೊಂದು ಯಂತ್ರದ ಕಣ್ಣು ಒಂದೊಂದು ಬಗೆಯದು.

ಅಲ್ಟ್ರಾಸೌಂಡ್ ಅಗ್ಗವಾದುದು, ವಿಕಿರಣವಿಲ್ಲದುದು. ಆದರೆ ಕೊಬ್ಬು ತುಂಬಿದ ಯಕೃತ್ತಿನಲ್ಲಿ ಸಣ್ಣ ಗಂಟುಗಳು ಅದಕ್ಕೆ ಮರೆಯಾಗುತ್ತವೆ. ಸಿ.ಟಿ. ಸ್ಕ್ಯಾನ್ ಎದೆ ಹೊಟ್ಟೆಗಳೆರಡನ್ನೂ ಒಮ್ಮೆಗೇ ತೋರಿಸುತ್ತದೆ. ಯಕೃತ್ತಿಗೆ ಬರುವ ರಕ್ತದಲ್ಲಿ ಸುಮಾರು ಮುಕ್ಕಾಲು ಪಾಲು ಕರುಳಿನ ಕಡೆಯ ಅಭಿಧಮನಿಯದು. ಗಂಟುಗಳಿಗಾದರೋ ಪೋಷಣೆ ಮುಖ್ಯವಾಗಿ ಅಪಧಮನಿಯಿಂದ. ಆದಕಾರಣ ಅಯೋಡಿನ್ ಔಷಧಿಯನ್ನು ಚುಚ್ಚಿ ಸುಮಾರು 70 ಸೆಕೆಂಡುಗಳ ಬಳಿಕ ಚಿತ್ರ ತೆಗೆದರೆ ಯಕೃತ್ತು ಬೆಳಗಿ, ಗಂಟು ಕಪ್ಪಾಗಿ ಕಾಣುತ್ತದೆ.

1 ಸೆಂಟಿಮೀಟರಿಗಿಂತ ಚಿಕ್ಕವನ್ನು ಹುಡುಕಲು ಎಂ.ಆರ್.ಐ. ಮೇಲು. ಗ್ಯಾಡೊಕ್ಸೆಟಿಕ್ ಆಮ್ಲವನ್ನು ಯಕೃತ್ತಿನ ಸ್ವಸ್ಥ ಕೋಶಗಳು ಹೀರಿಕೊಳ್ಳುತ್ತವೆ. ಸುಮಾರು 20 ನಿಮಿಷಗಳ ತರುವಾಯ, ಅದನ್ನು ಹೀರದ ಗಂಟುಗಳು ಬೆಳ್ಳಗಾದ ಯಕೃತ್ತಿನ ನಡುವೆ ಕರಿಯ ಚುಕ್ಕೆಗಳಾಗಿ ನಿಲ್ಲುತ್ತವೆ. ಪೆಟ್ ಸ್ಕ್ಯಾನ್ ಯಕೃತ್ತಿನ ಹೊರಗೆ ಹರಡಿದ ರೋಗವನ್ನು ಅರಿಯಲು ಉಪಯುಕ್ತ. ಒಳಗಿನ ಚಿಕ್ಕ ಗಂಟುಗಳು ಅದರ ಕಣ್ಣಿಗೆ ತಪ್ಪಬಹುದು. ಕಡೆಗೆ ಶಸ್ತ್ರಕ್ರಿಯೆಯ ನಡುವೆ ಅಲ್ಟ್ರಾಸೌಂಡ್ ಉಪಕರಣವನ್ನು ಯಕೃತ್ತಿನ ಮೇಲೆಯೇ ಇಟ್ಟು ಮತ್ತೊಮ್ಮೆ ಶೋಧಿಸುವುದುಂಟು.

ಮನೆಯವರು ನೆನಪಿಡಬೇಕಾದುದಿಷ್ಟು. ಮೂತ್ರಪಿಂಡದ ತೊಂದರೆ, ದೇಹದೊಳಗಿನ ಲೋಹದ ಉಪಕರಣ, ಹಿಂದೆ ಔಷಧಿ ಒಗ್ಗದಿದ್ದುದು, ಇವುಗಳನ್ನು ಮೊದಲೇ ತಿಳಿಸಬೇಕು. ಕೀಮೋಥೆರಪಿಯ ನಂತರ ಗಂಟು ಚಿತ್ರದಿಂದ ಮಾಯವಾದರೂ ರೋಗದ ಬೇರು ಉಳಿದಿರಬಹುದು. ಅದು ಇದ್ದ ಸ್ಥಳವನ್ನು ಶಸ್ತ್ರವೈದ್ಯರಿಗೆ ತೋರಿಸುವುದು ಚಿಕಿತ್ಸೆಗೆ ಮುನ್ನ ತೆಗೆದ ಚಿತ್ರವೇ. ಅದನ್ನು ಜೋಪಾನವಾಗಿ ಕಾಪಾಡುವುದು ನಮ್ಮ ಹೊಣೆ.