ಸರಿಯಾಗಿ ಎಂದರೆ ಎಷ್ಟು ಸರಿ?

ಲೋಲಕದ ಪ್ರಯೋಗವನ್ನು ಮುಗಿಸಿದ ವಿದ್ಯಾರ್ಥಿಯೊಬ್ಬನು, ಗುರುತ್ವ ವೇಗೋತ್ಕರ್ಷವು ‘ಎಕ್ಸಾಕ್ಟ್‌ಲಿ 981’ ಎಂದು ಇಂಗ್ಲಿಷಿನಲ್ಲಿ ದಾಖಲೆ ಪುಸ್ತಕದಲ್ಲಿ ಬರೆದಿದ್ದನು. ಅಳತೆಯ ಫಲವನ್ನು ಹೀಗೆ ಬರೆಯಬಾರದೆಂದು ನಾನು ಹೇಳಿದೆನು. “ಹಾಗಾದರೆ ಪ್ರಿಸೈಸ್‌ಲಿ ಎನ್ನಲೇ, ಆಕ್ಯುರೇಟ್‌ಲಿ ಎನ್ನಲೇ, ಸಾರ್? ಎಲ್ಲಕ್ಕೂ ಅರ್ಥ ಒಂದೇ ಅಲ್ಲವೇ?” ಎಂದು ಅವನು ಕೇಳಿದನು.

ಈ ಸಂಶಯ ಸಹಜವಾದುದೇ. ಮೂರು ಪದಗಳಿಗೂ ನಾವು ‘ಸರಿಯಾಗಿ’, ‘ಕರಾರುವಾಕ್ಕಾಗಿ’ ಎಂದು ಹೇಳಿಬಿಡುತ್ತೇವೆ. ಆದರೆ ಅವುಗಳ ಲ್ಯಾಟಿನ್ ಮೂಲಗಳೇ ಬೇರೆ ಬೇರೆ. ಮೊದಲನೆಯದರ ಮೂಲದಲ್ಲಿ ಅಳೆದು ತೂಗಿ ಪೂರ್ತಿಯಾಗಿ ವಸೂಲು ಮಾಡುವ ಭಾವವಿದೆ. ಎರಡನೆಯದರಲ್ಲಿ ಕತ್ತರಿಸುವ ಭಾವ. ಮೂರನೆಯದರಲ್ಲಿ ಎಚ್ಚರಿಕೆಯ, ಕಾಳಜಿಯ ಭಾವ.

ಬಳಕೆಯಲ್ಲಿಯೂ ಈ ಭೇದವು ಉಳಿದಿದೆ. ‘ಎಕ್ಸಾಕ್ಟ್‌ಲಿ ಹತ್ತು ಗಂಟೆ’ ಎನ್ನಬಹುದು, ‘ಪ್ರಿಸೈಸ್‌ಲಿ ಹತ್ತು ಗಂಟೆ’ ಎಂದರೂ ಸಲ್ಲುತ್ತದೆ. ‘ಆಕ್ಯುರೇಟ್‌ಲಿ ಹತ್ತು ಗಂಟೆ’ ಎಂಬ ರೂಢಿ ಇಲ್ಲ. ಇನ್ನೊಬ್ಬರ ಮಾತಿಗೆ ‘ಹೌದು’ ಎನ್ನಲು ಮೊದಲ ಎರಡು ಪದಗಳು ಒಂಟಿಯಾಗಿಯೇ ಸಾಕು, ಮೂರನೆಯದು ಸಾಲದು. ಅದಕ್ಕೆ ಅಳೆಯುವುದು, ವರದಿ ಮಾಡುವುದು, ನಕಲು ತೆಗೆಯುವುದು ಮುಂತಾದ ಒಂದು ಕೆಲಸದ ಆಸರೆ ಬೇಕು. ಮಾಡಿದ ಕೆಲಸವು ಸತ್ಯಕ್ಕೆ ಎಷ್ಟು ಹತ್ತಿರವಾಗಿದೆ ಎಂಬುದನ್ನು ಅದು ಹೇಳುತ್ತದೆ.

ಮಾತಿನಲ್ಲಿ ಜೊತೆಯಾಗಿ ಸಾಗುವ ಮೊದಲ ಎರಡು ಪದಗಳೂ ವಿಜ್ಞಾನದಲ್ಲಿ ಅಗಲುತ್ತವೆ. ಐದು ನಿಮಿಷ ಮುಂದಿರುವ ಒಂದು ಗಡಿಯಾರವನ್ನು ಭಾವಿಸಿರಿ. ಅದು ಸೆಕೆಂಡನ್ನೂ ತಪ್ಪದೆ ತೋರಿಸುತ್ತದೆ; ಆದುದರಿಂದ ಅದರ ಸೂಚನೆ ಸೂಕ್ಷ್ಮ, ಅಂದರೆ ಪ್ರಿಸೈಸ್. ಆದರೆ ಅದು ತೋರಿಸುವ ವೇಳೆ ನಿಜವಲ್ಲ. ಆದುದರಿಂದ ಆಕ್ಯುರೇಟ್ ಅಲ್ಲ.

ಇಂತಹ ಗಡಿಯಾರದ ಸ್ಥಿತಿ ಮಹಾವಿಜ್ಞಾನಿಗಳಿಗೂ ಒದಗಿದೆ. ಅಮೆರಿಕದ ರಾಬರ್ಟ್ ಮಿಲಿಕನ್ನರು ಎಣ್ಣೆಯ ಕಿರುಹನಿಗಳನ್ನು ಎರಡು ಲೋಹದ ಫಲಕಗಳ ನಡುವೆ ಬಿಟ್ಟು, ಅವು ಬೀಳುವ ಹಾಗೂ ಏರುವ ವೇಗಗಳಿಂದ ಎಲೆಕ್ಟ್ರಾನಿನ ವಿದ್ಯುದಂಶವನ್ನು ಲೆಕ್ಕಹಾಕಿದರು. 1913ರಲ್ಲಿ ಅವರು ಪ್ರಕಟಿಸಿದ ಬೆಲೆ, ಇಂದಿನ ಏಕಮಾನದಲ್ಲಿ, 1.592 × 10⁻¹⁹ ಕೂಲಂಬ್. ಹನಿಯಿಂದ ಹನಿಗೆ ಫಲಗಳು ಚೆನ್ನಾಗಿ ಹೊಂದಿಕೊಂಡವು. ಅವರು ಸೂಚಿಸಿದ ದೋಷದ ಮಿತಿ ಸುಮಾರು ಶೇಕಡ 0.2 ಮಾತ್ರ. ಆದರೂ ಆ ಬೆಲೆ ಶೇಕಡ 0.6ರಷ್ಟು ಕಡಮೆಯಾಗಿತ್ತು!

ಕಾರಣವೇನು? ಲೆಕ್ಕಕ್ಕೆ ಗಾಳಿಯ ಸ್ನಿಗ್ಧತೆಯ ಬೆಲೆ ಬೇಕು. ಅವರು ಬಳಸಿದ ಬೆಲೆ ತುಸು ಕಡಮೆಯಾಗಿತ್ತು. ಹೀಗಾಗಿ ಎಲ್ಲ ಹನಿಗಳ ಫಲವೂ ಒಂದೇ ಕಡೆಗೆ ವಾಲಿತು. ಇನ್ನೂ ಸಾವಿರ ಹನಿಗಳನ್ನು ಅಳೆದಿದ್ದರೂ ಈ ತಪ್ಪು ಬಯಲಾಗುತ್ತಿರಲಿಲ್ಲ. ಕ್ಷ-ಕಿರಣಗಳ ನೆರವಿನಿಂದ ಬೇರೊಂದು ಮಾರ್ಗದಲ್ಲಿ ಅಳೆದಾಗ ಹೊಂದಿಕೆ ತಪ್ಪಿತು. 1930ರ ದಶಕದಲ್ಲಿ ಸ್ನಿಗ್ಧತೆಯನ್ನು ಮತ್ತೆ ಅಳೆದಾಗ ದೋಷದ ಮೂಲ ತಿಳಿಯಿತು.

ಇನ್ನು ಎಕ್ಸಾಕ್ಟ್‌ಲಿ. 2019ರ ಮೇ 20ರಿಂದ ಎಲೆಕ್ಟ್ರಾನಿನ ವಿದ್ಯುದಂಶದ ಪರಿಮಾಣವು ಎಕ್ಸಾಕ್ಟ್‌ಲಿ 1.602176634 × 10⁻¹⁹ ಕೂಲಂಬ್. ಇಲ್ಲಿ ಆ ಪದ ಸಲ್ಲುತ್ತದೆ. ಏಕೆಂದರೆ ಇದು ಅಳತೆಯ ಫಲವಲ್ಲ, ರಾಷ್ಟ್ರಗಳು ಕೂಡಿ ಒಪ್ಪಿದ ವ್ಯಾಖ್ಯೆ. ಕೂಲಂಬಿನ ಪ್ರಮಾಣವೇ ಈಗ ಈ ಸಂಖ್ಯೆಯಿಂದ ನಿರ್ಧಾರವಾಗುತ್ತದೆ. ಎಣಿಕೆಗೂ ಹಾಗೆಯೇ: ತರಗತಿಯಲ್ಲಿ ನಲವತ್ತು ಮಂದಿ ಇದ್ದರೆ ಎಕ್ಸಾಕ್ಟ್‌ಲಿ ನಲವತ್ತು. ಎಣಿಸಿದುದು, ವ್ಯಾಖ್ಯಿಸಿದುದು ಪೂರ್ಣವಾಗಿ ಸರಿಯಾಗಿರಬಲ್ಲುದು. ಮಾಪನದಿಂದ ಪಡೆದ ಬೆಲೆಗೆ ದೋಷದ ಮಿತಿಯೊಂದು ಇದ್ದೇ ಇರುತ್ತದೆ.

ಹಾಗಾದರೆ ನಮ್ಮ ವಿದ್ಯಾರ್ಥಿ ಏನು ಬರೆಯಬೇಕು? ಅವನ ಸಾಧನಗಳಿಗೆ ಹೊಂದುವ ದೋಷದ ಮಿತಿ 5 ಎಂದಿಟ್ಟುಕೊಂಡರೆ, ‘981, ಹೆಚ್ಚು ಕಡಮೆ 5’ ಎಂದರಾಯಿತು. ನಮ್ಮ ಊರುಗಳಲ್ಲಿ ನಿಜವಾದ ಬೆಲೆ ಸುಮಾರು 978. ಅದು ಈ ಮಿತಿಯೊಳಗೇ ಇದೆ. ‘ಎಕ್ಸಾಕ್ಟ್‌ಲಿ’ ಎಂದಾಗ ಸುಳ್ಳಾಗಿದ್ದ ಬರಹವು, ಆ ಒಂದು ಪದವನ್ನು ಅಳಿಸಿ ತನ್ನ ಮಿತಿಯನ್ನು ಹೇಳಿಕೊಂಡೊಡನೆ ನಿಜವಾಯಿತು.