ಕಲ್ಲಿನ ಸಂದಿಯ ಹಳದಿ ಸಂಸಾರ

ಆಫ್ರಿಕನ್ ಸಿಕ್ಲಿಡ್ ಎಂದರೆ ಅಲಂಕಾರಿಕ ಮೀನು ಸಾಕುವವರಲ್ಲಿ ಹಲವರು ಹಿಂಜರಿಯುತ್ತಾರೆ. ಮರಿಯಾಗಿದ್ದಾಗ ಚೆಂದ ಕಂಡು ತಂದ ಆರಾಟಸ್, ಕೆನ್ಯಿ ಮೀನುಗಳು ಬೆಳೆದ ಮೇಲೆ ಜೊತೆಯವುಗಳ ರೆಕ್ಕೆ ಹರಿದು, ಕೊನೆಗೆ ಒಂದು ಗಂಡಷ್ಟೇ ಟ್ಯಾಂಕ್‌ನಲ್ಲಿ ಉಳಿದದ್ದನ್ನು ಕಂಡವರು ಬಹಳ ಮಂದಿ. ಹಾಗಾಗಿ ಇಡೀ ಬಳಗಕ್ಕೇ ಜಗಳಗಂಟ ಎಂಬ ಹೆಸರು ಅಂಟಿಕೊಂಡಿದೆ. ಆದರೆ ಆ ಬಳಗದಲ್ಲೇ ಸಾಧು ಸ್ವಭಾವದ ಮೀನುಗಳೂ ಇವೆ. ಅವುಗಳಲ್ಲಿ ನಮ್ಮ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದು ಯೆಲ್ಲೊ ಲ್ಯಾಬ್. ಅಚ್ಚ ಹಳದಿ ಮೈ, ಬೆನ್ನ ರೆಕ್ಕೆಯುದ್ದಕ್ಕೂ ಕಪ್ಪು ಪಟ್ಟಿ, ಬೆಳೆದರೆ 8ರಿಂದ 10 ಸೆಂ.ಮೀ. ಉದ್ದ. ಇದರ ವೈಜ್ಞಾನಿಕ ಹೆಸರು ಲ್ಯಾಬಿಡೊಕ್ರೊಮಿಸ್ ಸೆರುಲಿಯಸ್. ಮನೆಯಲ್ಲಿ ಸಾಕಿ ಮರಿ ಮಾಡಿಸಬೇಕೆನ್ನುವವರಿಗೆ ನಾನು ಮೊದಲು ಹೇಳುವುದು ಇದೇ ಮೀನಿನ ಹೆಸರನ್ನು.

ಸಾಧುತನದ ಮೂಲ

ಯೆಲ್ಲೊ ಲ್ಯಾಬ್‌ನ ತವರು ಪೂರ್ವ ಆಫ್ರಿಕಾದ ಮಲಾವಿ ಸರೋವರ. ಮಲಾವಿ, ಮೊಜಾಂಬಿಕ್, ಟಾಂಜಾನಿಯ ದೇಶಗಳ ನಡುವೆ ಸುಮಾರು 580 ಕಿ.ಮೀ. ಉದ್ದಕ್ಕೆ ಚಾಚಿರುವ ಈ ಸರೋವರದ ಗರಿಷ್ಠ ಆಳ 700 ಮೀಟರ್‌ನಷ್ಟು. ಇಲ್ಲಿರುವ 500ಕ್ಕೂ ಹೆಚ್ಚು ಬಗೆಯ ಸಿಕ್ಲಿಡ್‌ಗಳಲ್ಲಿ ಬಹುಪಾಲು ಜಗತ್ತಿನ ಬೇರೆಲ್ಲೂ ಇಲ್ಲ. ಸರೋವರದ ದಕ್ಷಿಣ ತುದಿಯ ರಾಷ್ಟ್ರೀಯ ಉದ್ಯಾನಕ್ಕೆ 1984ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಮಾನ್ಯತೆ ದೊರೆತದ್ದರಲ್ಲಿ ಈ ಮೀನುಗಳ ಪಾಲು ದೊಡ್ಡದು.

ದಡದ ಬಂಡೆಗಳ ನಡುವೆ ಬಾಳುವ ಸಿಕ್ಲಿಡ್‌ಗಳನ್ನು ಅಲ್ಲಿನ ಜನ ಎಂಬುನಾ ಎನ್ನುತ್ತಾರೆ. ಎಂಬುನಾಗಳಲ್ಲಿ ಹೆಚ್ಚಿನವು ಬಂಡೆಯ ಮೇಲಿನ ಪಾಚಿ ಮೇಯುತ್ತವೆ. ಆ ಪಾಚಿಯೇ ಅವುಗಳ ಆಸ್ತಿ. ಅದನ್ನು ಕಾಯುವ ಗಂಡು ಹತ್ತಿರ ಬಂದವರನ್ನೆಲ್ಲ ಅಟ್ಟುತ್ತದೆ. ಯೆಲ್ಲೊ ಲ್ಯಾಬ್‌ನ ಊಟದ ಕ್ರಮವೇ ಬೇರೆ. ಇದು ಸಂದಿಗೊಂದಿಗಳಲ್ಲಿ ಸಣ್ಣ ಹುಳು, ಮರಿಹುಳು, ಬಸವನಹುಳುಗಳನ್ನು ಹೆಕ್ಕುತ್ತ ಅಲೆಯುತ್ತದೆ. ಕಾಯಬೇಕಾದ ಹೊಲ ಇದಕ್ಕಿಲ್ಲ. ಅದರ ಸೌಮ್ಯತೆಗೆ ಇದೇ ಮುಖ್ಯ ಕಾರಣ. ಮೀನಿನ ಗುಣವನ್ನು ಅದರ ಊಟ, ವಸತಿಗಳಿಂದ ಅರಿತುಕೊಂಡವರ ಟ್ಯಾಂಕ್‌ನಲ್ಲಿ ಶಾಂತಿ ತಾನಾಗಿ ನೆಲೆಸುತ್ತದೆ.

ಗಡಸು ನೀರೇ ಲೇಸು

ಮಲಾವಿಯ ನೀರು ಕ್ಷಾರೀಯ. ಯೆಲ್ಲೊ ಲ್ಯಾಬ್‌ಗೆ ಪಿಎಚ್ 7.8ರಿಂದ 8.5, ಉಷ್ಣತೆ 24ರಿಂದ 27 ಡಿಗ್ರಿ ಸೆಲ್ಸಿಯಸ್ ಹಿತ. ಬಯಲುಸೀಮೆಯ ಎಷ್ಟೋ ಮನೆಗಳ ಬೋರ್‌ವೆಲ್ ನೀರು, ಪಾತ್ರೆಗೆ ಬಿಳಿ ಕಲೆ ಕಟ್ಟುತ್ತದೆಂದು ನಾವು ಬೈದುಕೊಳ್ಳುವ ಅದೇ ನೀರು, ಈ ಮೀನಿಗೆ ಒಗ್ಗುತ್ತದೆ. ಮಲೆನಾಡು, ಕರಾವಳಿಯ ಮೆದು ನೀರಿನವರು ಫಿಲ್ಟರ್‌ನಲ್ಲಿ ಹವಳದ ಚೂರು ಅಥವಾ ಕಪ್ಪೆಚಿಪ್ಪಿನ ಪುಡಿ ಹಾಕಿ ಗಡಸುತನ ಹೆಚ್ಚಿಸಿಕೊಳ್ಳಬಹುದು. ನಲ್ಲಿ ನೀರಾದರೆ ಕ್ಲೋರಿನ್ ತೆಗೆದೇ ಬಳಸಬೇಕು.

ಒಂದು ಎಚ್ಚರಿಕೆ ಅಗತ್ಯ. ಮೀನಿನ ತ್ಯಾಜ್ಯದಿಂದ ಹುಟ್ಟುವ ಅಮೋನಿಯ ಕ್ಷಾರೀಯ ನೀರಿನಲ್ಲಿ ಹೆಚ್ಚು ವಿಷಕಾರಿ. ಹೊಸ ಟ್ಯಾಂಕ್‌ನ ಫಿಲ್ಟರ್‌ನಲ್ಲಿ ಅಮೋನಿಯವನ್ನು ಒಡೆಯುವ ಬ್ಯಾಕ್ಟೀರಿಯಾ ನೆಲೆಗೊಳ್ಳಲು ಕೆಲವು ವಾರ ಬೇಕು. ಅಷ್ಟು ಕಾಯದೆ ಮೀನು ಬಿಟ್ಟರೆ ಸಾವು ಖಚಿತವೆಂದೇ ತಿಳಿಯಿರಿ. ಆಮೇಲೂ ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಬೇಕು.

ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರದ ಟ್ಯಾಂಕ್ ಸುಮಾರು 250 ಲೀಟರ್ ಹಿಡಿಯುತ್ತದೆ. ಒಂದು ಗುಂಪಿಗೆ ಇದು ಧಾರಾಳ. ಮೊದಲು ಕಲ್ಲು ಜೋಡಿಸಿ, ಆಮೇಲೆ ಮರಳು ಸುರಿಯಬೇಕು. ಮರಳಿನ ಮೇಲೆ ಕಲ್ಲಿಟ್ಟರೆ ಮೀನು ಬುಡ ತೋಡಿ ಕಲ್ಲು ಉರುಳುತ್ತದೆ. ಗಂಡು ಹೆಣ್ಣನ್ನು ಮರಿಯಲ್ಲಿ ಗುರುತಿಸುವುದು ಕಷ್ಟವಾದ್ದರಿಂದ ಆರೆಂಟು ಮರಿಗಳನ್ನು ಒಟ್ಟಿಗೆ ತರುವುದು ಸರಿ. ಬೆಳೆದ ಮೇಲೆ ಒಂದು ಗಂಡಿಗೆ ಎರಡು ಮೂರು ಹೆಣ್ಣು ಉಳಿಸಿಕೊಂಡರೆ ಗಂಡಿನ ಕಾಟ ಒಂದೇ ಹೆಣ್ಣಿನ ಮೇಲೆ ಬೀಳುವುದಿಲ್ಲ.

ಬಾಯೇ ತೊಟ್ಟಿಲು

ಈ ಮೀನಿನ ಸಂತಾನೋತ್ಪತ್ತಿಯನ್ನು ಕಣ್ಣಾರೆ ನೋಡುವುದು ದೊಡ್ಡ ಭಾಗ್ಯ. ಬಣ್ಣ ಏರಿದ ಗಂಡು ಮೈ ನಡುಗಿಸುತ್ತ ಹೆಣ್ಣನ್ನು ಕಲ್ಲಿನ ಮರೆಗೆ ಕರೆಯುತ್ತದೆ. ಎರಡೂ ಸುತ್ತು ಹಾಕುತ್ತವೆ. ಹೆಣ್ಣು ಒಂದೆರಡು ಮೊಟ್ಟೆಯಿಟ್ಟು ಒಡನೆಯೇ ತಿರುಗಿ ಬಾಯಿಗೆ ತೆಗೆದುಕೊಳ್ಳುತ್ತದೆ. ಗಂಡಿನ ಗುದ ರೆಕ್ಕೆಯ ಮೇಲೆ ಮೊಟ್ಟೆಯಂತೆಯೇ ಕಾಣುವ ಹಳದಿ ಚುಕ್ಕೆಗಳಿರುತ್ತವೆ. ಹೆಣ್ಣು ಅವಕ್ಕೂ ಬಾಯಿ ಹಾಕುತ್ತದೆ. ಆ ಗಳಿಗೆಯಲ್ಲಿ ಗಂಡು ಬಿಡುವ ವೀರ್ಯ ನೇರ ಬಾಯಿಗೆ ಸೇರಿ, ಮೊಟ್ಟೆಗಳು ಅಲ್ಲೇ ಫಲಗೊಳ್ಳುತ್ತವೆ. ಆಫ್ರಿಕಾದ ಸಿಕ್ಲಿಡ್‌ಗಳಲ್ಲಿ ಈ ಚುಕ್ಕೆಗಳ ಪಾತ್ರವನ್ನು 1962ರಲ್ಲಿ ವಿವರಿಸಿದವರು ಜರ್ಮನಿಯ ವಿಜ್ಞಾನಿ ವೋಲ್ಫ್‌ಗಾಂಗ್ ವಿಕ್ಲರ್.

ಅಲ್ಲಿಂದ ಮೂರು ನಾಲ್ಕು ವಾರ ತಾಯಿಯ ಗಲ್ಲ ಉಬ್ಬಿರುತ್ತದೆ. ಅಷ್ಟು ದಿನವೂ ಅದು ಹೆಚ್ಚುಕಡಿಮೆ ಉಪವಾಸ. ಬಾಯೊಳಗೆ ಮೊಟ್ಟೆಗಳನ್ನು ಮೆಲ್ಲನೆ ಉರುಳಿಸುತ್ತ ಗಾಳಿಯಾಡಿಸುತ್ತದೆ. ಕಡೆಗೆ ಸುಮಾರು ಒಂದು ಸೆಂ.ಮೀ. ಉದ್ದದ, ತಾವೇ ಈಜಿ ತಾವೇ ತಿನ್ನಬಲ್ಲ ಹತ್ತಿಪ್ಪತ್ತು ಮರಿಗಳು ಹೊರಬರುತ್ತವೆ. ತಾಯಿಯನ್ನು ಕೊನೆಯ ವಾರದಲ್ಲಿ ಬೇರೆ ತೊಟ್ಟಿಗೆ ಮೆಲ್ಲನೆ ಸಾಗಿಸುವುದು ಕ್ಷೇಮ. ಗಾಬರಿಯಾದರೆ ಮರಿಗಳನ್ನು ಉಗುಳಿಬಿಡುತ್ತದೆ. ಬಾಯಿ ಬಿಡಿಸಿ ಮರಿ ತೆಗೆಯುವ ಪದ್ಧತಿಯೂ ಇದೆ. ಕೈ ಪಳಗದವರು ಅದಕ್ಕೆ ಹೋಗದಿರುವುದೇ ಒಳ್ಳೆಯದು. ಮರಿಗಳಿಗೆ ಆಗ ತಾನೇ ಮೊಟ್ಟೆಯೊಡೆದ ಆರ್ಟೀಮಿಯ ಎಂಬ ಪುಟ್ಟ ಸೀಗಡಿ, ನುಣ್ಣಗೆ ಪುಡಿ ಮಾಡಿದ ಫ್ಲೇಕ್ಸ್ ಸಾಕು. ಹಸಿದ ತಾಯಿಗೆ ಒಂದೆರಡು ದಿನ ಪ್ರತ್ಯೇಕವಾಗಿ ಆಹಾರ ಕೊಟ್ಟು, ಚೇತರಿಸಿಕೊಂಡ ಮೇಲೆ ಗುಂಪಿಗೆ ಸೇರಿಸಬೇಕು.

ಮರಿ ಮಾಡಿಸುವವರ ಹೊಣೆ

ಮಲಾವಿಯ ಸಿಕ್ಲಿಡ್‌ಗಳು ಹತ್ತಿರದ ದಾಯಾದಿಗಳು. ಒಂದೇ ಟ್ಯಾಂಕ್‌ನಲ್ಲಿಟ್ಟರೆ ಯೆಲ್ಲೊ ಲ್ಯಾಬ್ ರೆಡ್ ಜೀಬ್ರಾ ಎಂಬ ಮತ್ತೊಂದು ಎಂಬುನಾದೊಂದಿಗೆ ಕೂಡಿ ಮಿಶ್ರತಳಿ ಹುಟ್ಟುತ್ತದೆ. ಇಂಥ ಮರಿಗಳು ಯೆಲ್ಲೊ ಲ್ಯಾಬ್ ಹೆಸರಲ್ಲೇ ಮಾರಾಟವಾಗಿ ಶುದ್ಧ ತಳಿಯನ್ನು ಕೆಡಿಸುತ್ತಿವೆ. ಮರಿ ಮಾಡಿಸುವವರು ಇದೊಂದೇ ಜಾತಿಯನ್ನು ಪ್ರತ್ಯೇಕವಾಗಿಡಬೇಕು.

ಇನ್ನೊಂದು ಹೊಣೆ ನಮ್ಮ ಕೆರೆಗಳಿಗೆ ಸಂಬಂಧಿಸಿದ್ದು. ಜಿಲೇಬಿ ಎಂದು ಕರೆಯುವ ತಿಲಾಪಿಯ ಕೂಡ ಆಫ್ರಿಕಾದ ಸಿಕ್ಲಿಡ್. ಅದೂ ಬಾಯಲ್ಲಿ ಮರಿ ಮಾಡುವ ಮೀನೇ. 1952ರಲ್ಲಿ ಭಾರತಕ್ಕೆ ಬಂದ ಅದು ಇಂದು ಲೆಕ್ಕವಿಲ್ಲದಷ್ಟು ಕೆರೆಗಳಲ್ಲಿ ಸ್ಥಳೀಯ ಮೀನುಗಳ ಜಾಗ ಕಸಿದಿದೆ. ನಮ್ಮದೇ ನೆಲದ ಸಿಕ್ಲಿಡ್ ಎಟ್ರೋಪ್ಲಸ್ ಕೆನರೆನ್ಸಿಸ್ ಬದುಕಿರುವುದು ದಕ್ಷಿಣ ಕನ್ನಡದ ಸುತ್ತಲಿನ ನದಿಗಳಲ್ಲಿ ಮಾತ್ರ. ಹಾಗಾಗಿ ಹೆಚ್ಚಾದ ಮರಿಗಳನ್ನು ಸಾಕುವ ಗೆಳೆಯರಿಗೆ ಕೊಡಿ, ಅಂಗಡಿಗೆ ಮರಳಿಸಿ, ಇಲ್ಲವೇ ಗಂಡು ಹೆಣ್ಣು ಬೇರ್ಪಡಿಸಿ ಸಂತಾನ ನಿಲ್ಲಿಸಿ. ಕೆರೆಗೋ ಹೊಳೆಗೋ ಮಾತ್ರ ಒಂದು ಮರಿಯನ್ನೂ ಬಿಡಬೇಡಿ.