ಶರಣು ಎಂದವರಿಗೆ ಮರುಶರಣು

ಯಾರಾದರೂ ‘ಧನ್ಯವಾದ’ ಎಂದರೆ ಕನ್ನಡದಲ್ಲಿ ಏನೆಂದು ಉತ್ತರಿಸಬೇಕು? ಹತ್ತು ಜನ ಕನ್ನಡಿಗರ ಮುಂದೆ ಈ ಪ್ರಶ್ನೆ ಇಟ್ಟರೆ ಹತ್ತು ಉತ್ತರ ಬಂದಾವು. ಉತ್ತರವೇ ಬೇಡ, ಒಂದು ನಗೆ ಸಾಕು ಎನ್ನುವವರೂ ಇದ್ದಾರು. ಇಂಗ್ಲಿಷಿನಲ್ಲಿ ‘ಯು ಆರ್ ವೆಲ್‌ಕಮ್’ ಎಂಬ ಸಿದ್ಧ ಉತ್ತರವಿದೆ. ಅದನ್ನೇ ಕನ್ನಡಕ್ಕೆ ಇಳಿಸಿ ‘ಸುಸ್ವಾಗತ’ ಎಂದರೆ, ಕೇಳಿದವರು ಇದೇನು ಮದುವೆ ಮಂಟಪದ ಬಾಗಿಲೇ ಎಂದು ತಬ್ಬಿಬ್ಬಾಗುತ್ತಾರೆ.

ಹಾಗೆಂದ ಮಾತ್ರಕ್ಕೆ ಕನ್ನಡಿಗರಿಗೆ ಉಪಕಾರ ಸ್ಮರಣೆ ತಿಳಿಯದು ಎಂದಲ್ಲ. ನಮ್ಮಲ್ಲಿ ಕೃತಜ್ಞತೆಗೆ ಒಂದೇ ಪದವೂ ಇಲ್ಲ, ಅದಕ್ಕೆ ಒಂದೇ ಮರುಮಾತೂ ಇಲ್ಲ. ಯಾರು, ಯಾರಿಗೆ, ಯಾವುದಕ್ಕಾಗಿ ಹೇಳಿದರು ಎಂಬುದನ್ನು ನೋಡಿಕೊಂಡು ಉತ್ತರ ಬದಲಾಗುತ್ತದೆ. ಇದನ್ನು ಗಮನಿಸಲು ಬೀದರ್ ಜಿಲ್ಲೆಯ ಬಸವಕಲ್ಯಾಣ ಮತ್ತು ಹುಮನಾಬಾದ್ ಸೀಮೆಗಿಂತ ಒಳ್ಳೆಯ ಜಾಗ ಸಿಗಲಾರದು. ಕನ್ನಡ, ಮರಾಠಿ, ದಖನಿ ಉರ್ದು ಮೂರೂ ಒಂದೇ ಸಂತೆಯಲ್ಲಿ ಓಡಾಡುವ ಊರುಗಳಿವು. ಒಂದು ಶರಣಿಗೆ ಏನು ಉತ್ತರ ಕೊಡಬೇಕು ಎಂಬ ಪ್ರಶ್ನೆಯ ಸುತ್ತಲೇ ಹುಟ್ಟಿದ ಕಥೆಯೊಂದು ಎಂಟು ನೂರು ವರ್ಷಗಳಿಂದ ಉಳಿದುಬಂದಿರುವುದೂ ಇಲ್ಲಿಯೇ.

ಮೊದಲು ಪದಗಳನ್ನೇ ನೋಡಬಹುದು. ‘ಧನ್ಯವಾದ’ ಸಂಸ್ಕೃತದ ಪದ. ‘ನೀವು ಧನ್ಯರು’ ಎಂದು ಹೇಳುವುದು ಅದರ ಮೂಲಾರ್ಥ. ‘ಕೃತಜ್ಞ’ ಎಂದರೆ ತನಗಾಗಿ ಮಾಡಿದ್ದನ್ನು ತಿಳಿದವನು, ಮರೆಯದವನು. ‘ವಂದನೆ’ ಎಂದರೆ ನಮಸ್ಕಾರ. ಸಭೆಯ ಕೊನೆಯಲ್ಲಿ ಬರುವ ‘ವಂದನಾರ್ಪಣೆ’ ಅದೇ ನಮಸ್ಕಾರವನ್ನು ಕೃತಜ್ಞತೆಯ ಅರ್ಥದಲ್ಲಿ ಬಳಸುತ್ತದೆ. ಇನ್ನು ‘ಆಭಾರಿ’ ಎಂಬ ಪದದಲ್ಲಿ ಭಾರವೇ ಕೂತಿದೆ. ನಿಮ್ಮ ಉಪಕಾರದ ಹೊರೆ ನನ್ನ ಮೇಲಿದೆ ಎಂಬುದೇ ಅದರ ಭಾವ. ಇದು ನಮ್ಮಲ್ಲಿ ಮಾತ್ರ ಇರುವ ಯೋಚನೆಯಲ್ಲ. ಪೋರ್ಚುಗೀಸರು ‘ಒಬ್ರಿಗಾದೊ’ ಎಂದಾಗ ‘ನಾನು ಋಣಕ್ಕೆ ಕಟ್ಟುಬಿದ್ದವನು’ ಎಂದೇ ಅರ್ಥ.

ಕೃತಜ್ಞತೆ ಎಂದರೆ ಹೊರೆ ಎಂದಾದರೆ, ಅದಕ್ಕೆ ಕೊಡುವ ಉತ್ತರದ ಕೆಲಸ ಆ ಹೊರೆಯನ್ನು ಇಳಿಸುವುದು. ಜಗತ್ತಿನ ಬಹಳಷ್ಟು ಭಾಷೆಗಳು ಮಾಡುವುದು ಇದನ್ನೇ. ಸ್ಪ್ಯಾನಿಷರ ‘ದೆ ನಾದಾ’, ಫ್ರೆಂಚರ ‘ದ ರಿಯಾಂ’ ಎರಡೂ ‘ಏನೂ ಅಲ್ಲ’ ಎನ್ನುವ ಮಾತುಗಳು. ಹುಮನಾಬಾದಿನ ಬಸ್ ನಿಲ್ದಾಣದಲ್ಲಿ ಮೂಟೆ ಎತ್ತಿಕೊಟ್ಟವರಿಗೆ ‘ಭಾಳ ಉಪಕಾರ ಆಯ್ತು ನೋಡ್ರಿ’ ಎಂದರೆ ‘ಅದರಾಗೇನದರಿ’ ಎಂಬ ಉತ್ತರ ಬರುತ್ತದೆ. ಮರಾಠಿಯವರಾದರೆ ‘ಅಹೋ, ತ್ಯಾತ್ ಕಾಯ್’ ಎಂದಾರು. ಉರ್ದುವಿನಲ್ಲಿ ‘ಶುಕ್ರಿಯಾ’ ಎಂದವರಿಗೆ ‘ಕೋಯಿ ಬಾತ್ ನಹೀಂ’ ಎಂಬ ಮಾತು. ಮೂರು ಭಾಷೆ, ಎರಡು ಕುಲ. ಆದರೆ ಮೂರೂ ಮಾತಿನ ತಿರುಳು ಒಂದೇ: ಇದರಲ್ಲಿ ಏನಿದೆ, ದೊಡ್ಡದು ಮಾಡಬೇಡಿ. ಕನ್ನಡನಾಡಿನ ಉದ್ದಗಲಕ್ಕೂ ಕೇಳಿಬರುವ ‘ಪರವಾಗಿಲ್ಲ’ ಎಂಬ ಅಚ್ಚಗನ್ನಡದಂತೆ ತೋರುವ ಉತ್ತರದಲ್ಲಿ ಇರುವುದೂ ಫಾರಸಿ ಮೂಲದ ‘ಪರ್ವಾ’ ಎಂಬ ಪದವೇ. ಹೊರೆ ಇಳಿಸುವ ಮಾತನ್ನೂ ನೆರೆಹೊರೆಯವರು ಒಬ್ಬರಿಂದೊಬ್ಬರು ಸಾಲ ಪಡೆದಿದ್ದಾರೆ.

ಆದರೆ ಎಲ್ಲ ಕೃತಜ್ಞತೆಗೂ ‘ಅದರಾಗೇನದ’ ಒಪ್ಪುವುದಿಲ್ಲ. ಹಳ್ಳಿಯ ಮುದುಕಿಯರು ‘ಧನ್ಯವಾದ’ ಎನ್ನುವುದು ಅಪರೂಪ. ಕೈಹಿಡಿದು ಬಸ್ ಹತ್ತಿಸಿದ ಹುಡುಗನಿಗೆ ‘ನಿನ್ನ ಹೊಟ್ಟಿ ತಣ್ಣಗಿರಲಿ ಯಪ್ಪಾ’ ಎಂದು ಹರಸುತ್ತಾರೆ. ಇದು ಕೃತಜ್ಞತೆಯೇ, ಆದರೆ ಹರಕೆಯ ರೂಪದಲ್ಲಿದೆ. ಇದಕ್ಕೆ ‘ಇರ್ಲಿ ಬಿಡು ಯವ್ವಾ, ಅದೇನು ದೊಡ್ಡದು’ ಎಂದುಬಿಟ್ಟರೆ ಹರಕೆಯನ್ನೇ ತಳ್ಳಿದ ಹಾಗೆ. ಇಲ್ಲಿ ತಲೆಬಾಗಿ, ‘ಆಯ್ತವ್ವಾ, ನಿನ್ನ ಆಶೀರ್ವಾದ’ ಎಂದು ಅದನ್ನು ಪಡೆದುಕೊಳ್ಳುವುದೇ ಮರ್ಯಾದೆ. ಇನ್ನು ಮನೆಯೊಳಗೆ, ಅಕ್ಕತಂಗಿಯರ ನಡುವೆ, ಕಾಕಾನಿಗೆ ಕಾಕಿಗೆ ‘ಧನ್ಯವಾದ’ ಎಂದರೆ ‘ನಾವೇನು ಹೊರಗಿನವರೇನು?’ ಎಂಬ ಮುನಿಸಿನ ಪ್ರಶ್ನೆಯೇ ಉತ್ತರವಾಗಿ ಬರುತ್ತದೆ. ಮನೆಯವರ ನಡುವೆ ಋಣ ಇದ್ದೇ ಇರುತ್ತದೆ. ಅದನ್ನು ಎಣಿಸುವುದು ಮಾತ್ರ ಸಲ್ಲದು ಎಂಬುದು ಅಲ್ಲಿನ ನಿಯಮ.

ಋಣದ ಲೆಕ್ಕ ಎಂದಾಗ ಕಲ್ಯಾಣದ ಇನ್ನೊಂದು ಹಿರಿಮೆ ನೆನಪಾಗುತ್ತದೆ. ಹನ್ನೊಂದನೆಯ ಶತಮಾನದಲ್ಲಿ ಚಾಲುಕ್ಯರ ರಾಜಧಾನಿಯಾದ ಈ ಊರಿನಲ್ಲಿ, 1076ರಿಂದ 1126ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ‘ಮಿತಾಕ್ಷರಾ’ ಬರೆದ. ಯಾಜ್ಞವಲ್ಕ್ಯ ಸ್ಮೃತಿಯ ಮೇಲಿನ ಈ ವ್ಯಾಖ್ಯಾನದಲ್ಲಿ ಸಾಲ ಕೊಡುವುದು, ಬಡ್ಡಿ, ತೀರಿಸುವ ಬಗೆ ಇವಕ್ಕೆಲ್ಲ ಸೂಕ್ಷ್ಮವಾದ ನಿಯಮಗಳಿವೆ. ಹಣದ ಸಾಲವನ್ನು ತೀರಿಸುವ ದಾರಿ ಗ್ರಂಥದಲ್ಲಿತ್ತು. ಒಂದು ಒಳ್ಳೆಯ ಮಾತಿನ ಸಾಲವನ್ನು ತೀರಿಸುವುದು ಹೇಗೆ? ಆ ಪ್ರಶ್ನೆಯನ್ನು ಕೆಲವೇ ದಶಕಗಳ ನಂತರ ಅದೇ ಊರಿನಲ್ಲಿ ಎದುರಿಸಿದವರು ಪಾದರಕ್ಷೆ ಹೊಲಿಯುವ ಕಾಯಕದ ಸಮಗಾರ ಹರಳಯ್ಯ.

ಶರಣರ ಕಾಲದಲ್ಲಿ ‘ಶರಣು’ ಎಂಬುದು ನಮಸ್ಕಾರವೂ ಹೌದು, ಕೃತಜ್ಞತೆಯೂ ಹೌದು, ಭಕ್ತಿಯೂ ಹೌದು. ಐತಿಹ್ಯದ ಪ್ರಕಾರ, ದಾರಿಯಲ್ಲಿ ಎದುರಾದ ಬಸವಣ್ಣನವರಿಗೆ ಹರಳಯ್ಯ ‘ಶರಣು’ ಎಂದರು. ಬಸವಣ್ಣನವರು ‘ಶರಣು ಶರಣಾರ್ಥಿ’ ಎಂದು ಮರುನುಡಿದರು. ಕೊಟ್ಟದ್ದು ಒಂದು, ಬಂದದ್ದು ಎರಡು. ಮೇಲೆ ಬಂದ ಆ ಒಂದು ಶರಣು ತಮ್ಮ ಮೇಲೆ ಹೊರೆಯಾಯಿತು ಎಂದು ಹರಳಯ್ಯ ಕಳವಳಗೊಂಡರು. ಮನೆಗೆ ಬಂದು ಹೆಂಡತಿ ಕಲ್ಯಾಣಮ್ಮನವರಿಗೆ ಹೇಳಿದರು. ಋಣ ತೀರಿಸಲು ಇಬ್ಬರೂ ತಮ್ಮ ತೊಡೆಯ ಚರ್ಮವನ್ನೇ ತೆಗೆದು ಬಸವಣ್ಣನವರಿಗೆ ಪಾದರಕ್ಷೆ ಮಾಡಿದರು. ಅದನ್ನು ಕಂಡ ಬಸವಣ್ಣನವರು, ಇದನ್ನು ಮೆಟ್ಟುವ ಯೋಗ್ಯತೆ ತಮಗಿಲ್ಲ ಎಂದು ತಲೆಯ ಮೇಲಿಟ್ಟುಕೊಂಡರು. ಬಸವಕಲ್ಯಾಣದಲ್ಲಿ ಇಂದಿಗೂ ಹರಳಯ್ಯನವರ ಹೆಸರಿನ ಗವಿಯೊಂದಿದೆ.

ಇದನ್ನು ಸಾಮಾನ್ಯವಾಗಿ ಭಕ್ತಿಯ ಪರಾಕಾಷ್ಠೆಯ ಕಥೆ ಎಂದು ಹೇಳಲಾಗುತ್ತದೆ. ಅದು ನಿಜವೇ. ಆದರೆ ಮಾತಿನ ಮರ್ಯಾದೆಯ ಕಥೆಯಾಗಿಯೂ ಇದನ್ನು ಕೇಳಬಹುದು. ಒಂದೇ ಒಂದು ಮರುಶರಣು ಇಷ್ಟು ಭಾರವಾದದ್ದು ಏಕೆ? ಆ ಕಾಲದ ಸಮಾಜದಲ್ಲಿ ಕೆಳಗಿನವರು ಕೈಮುಗಿಯಬೇಕು, ಮೇಲಿನವರು ಅದನ್ನು ಗಮನಿಸಿದರೆ ಹೆಚ್ಚು. ಚರ್ಮದ ಕೆಲಸ ಮಾಡುವವರ ನಮಸ್ಕಾರಕ್ಕೆ ಬಿಜ್ಜಳನ ಭಂಡಾರದ ಅಧಿಕಾರಿಯೊಬ್ಬರು ಪ್ರತಿನಮಸ್ಕಾರ ಮಾಡುವುದೇ ಇರಲಿಲ್ಲ; ಎರಡರಷ್ಟು ಮಾಡುವುದಂತೂ ದೂರ. ತಲೆಮಾರುಗಳಿಂದ ಬಾರದೇ ಇದ್ದ ಉತ್ತರ ಒಮ್ಮೆಲೇ ಬಂದಾಗ ಅದನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ಹರಳಯ್ಯನವರಿಗೆ ತಿಳಿಯದೆ ಹೋಯಿತು. ಭಾರವಿದ್ದದ್ದು ಆ ಪದದಲ್ಲಲ್ಲ, ಅಷ್ಟು ಕಾಲ ಅದನ್ನು ತಡೆಹಿಡಿದದ್ದರಲ್ಲಿ.

ಈ ಸಮಾನತೆ ಮಾತಿನಲ್ಲೇ ಉಳಿಯಲಿಲ್ಲ. ಹರಳಯ್ಯನವರ ಮಗ ಶೀಲವಂತನಿಗೂ ಬ್ರಾಹ್ಮಣ ಕುಲದಿಂದ ಶರಣರಾದ ಮಧುವರಸರ ಮಗಳಿಗೂ ಮದುವೆಯಾಯಿತು. ಅದನ್ನು ಸಹಿಸದ ಪ್ರಭುತ್ವ ಹರಳಯ್ಯ, ಮಧುವರಸರಿಗೆ ಎಳೆಹೂಟೆಯ ಶಿಕ್ಷೆ ಕೊಟ್ಟಿತೆಂದೂ ಅದರಿಂದ ಕಲ್ಯಾಣದಲ್ಲಿ ದಂಗೆಯೆದ್ದು ಶರಣರು ಚದುರಿಹೋದರೆಂದೂ ಪರಂಪರೆ ಹೇಳುತ್ತದೆ. ಹನ್ನೆರಡನೆಯ ಶತಮಾನದ ಅರವತ್ತರ ದಶಕದ ಈ ಘಟನೆಗಳ ವಿವರಗಳ ಬಗ್ಗೆ ವಿದ್ವಾಂಸರಲ್ಲಿ ಚರ್ಚೆಯುಂಟು. ಆದರೆ ಜನರ ನೆನಪಿನಲ್ಲಿ ದಾರಿಯ ಶರಣು, ಮನೆಯ ಮದುವೆ, ಊರಿನ ದಂಗೆ ಒಂದೇ ದಾರದಲ್ಲಿ ಪೋಣಿಸಿಕೊಂಡಿವೆ.

ಬಂದ ಮಾತಿಗಿಂತ ಹೆಚ್ಚಿನದನ್ನು ಮರಳಿಸಬೇಕೆಂಬ ನಡವಳಿಕೆ ಇದೇ ಊರುಗಳ ಮತ್ತೊಂದು ಪರಂಪರೆಯಲ್ಲೂ ಇದೆ. ನಿಮಗೆ ಯಾರಾದರೂ ವಂದಿಸಿದರೆ ಅದಕ್ಕಿಂತ ಉತ್ತಮವಾಗಿ, ಇಲ್ಲವೇ ಅಷ್ಟೇ ಚೆನ್ನಾಗಿ ಪ್ರತಿವಂದಿಸಿ ಎಂಬ ಆದೇಶ ಕುರಾನಿನ ನಾಲ್ಕನೆಯ ಅಧ್ಯಾಯದಲ್ಲಿದೆ. ‘ಅಸ್ಸಲಾಮು ಅಲೈಕುಂ’ ಎಂದವರಿಗೆ ಶಾಂತಿಯ ಜೊತೆಗೆ ದೇವರ ಕರುಣೆ, ಸಮೃದ್ಧಿಗಳನ್ನೂ ಸೇರಿಸಿ ಹಾರೈಸುವುದು ಅದಕ್ಕಾಗಿಯೇ. ‘ಜಝಾಕಲ್ಲಾಹ್’, ಅಂದರೆ ದೇವರು ನಿಮಗೆ ಪ್ರತಿಫಲ ಕೊಡಲಿ ಎಂದು ಕೃತಜ್ಞತೆ ಹೇಳಿದವರಿಗೆ ‘ವ ಇಯ್ಯಾಕ’, ನಿಮಗೂ ಕೊಡಲಿ ಎಂಬುದು ಉತ್ತರ. ಹುಮನಾಬಾದಿಗೆ ಹೊಂದಿಕೊಂಡ ಮಾಣಿಕನಗರದಲ್ಲಿ ಈ ಧಾರೆಗಳೆಲ್ಲ ಒಂದೆಡೆ ಕೂಡಿದವು. ಬಸವಕಲ್ಯಾಣದ ಬಳಿಯ ಲಾಡವಂತಿಯಲ್ಲಿ 1817ರಲ್ಲಿ ಹುಟ್ಟಿ 1865ರಲ್ಲಿ ಸಮಾಧಿಸ್ಥರಾದ ಮಾಣಿಕಪ್ರಭುಗಳು ಎಲ್ಲ ಮತಗಳೂ ಸಮ್ಮತವೆಂಬ ಸಕಲಮತ ಸಂಪ್ರದಾಯವನ್ನು ಕಟ್ಟಿದರು. ಕನ್ನಡ, ಮರಾಠಿ, ಉರ್ದು ಮುಂತಾದ ಭಾಷೆಗಳಲ್ಲಿ ಪದಗಳನ್ನು ರಚಿಸಿದರು. ಬಂದವರ ಭಾಷೆಯಲ್ಲೇ ಉತ್ತರಿಸುವುದೂ ಒಂದು ಬಗೆಯ ಪ್ರತಿವಂದನೆಯೇ ಅಲ್ಲವೇ?

ಕೊಡುವವರ ನಿಲುವಿನ ಬಗ್ಗೆ ಶರಣರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ದಾನದಲ್ಲಿ ಕೊಡುವವರ ಕೈ ಮೇಲೆ, ಪಡೆಯುವವರ ಕೈ ಕೆಳಗೆ. ದಾಸೋಹದಲ್ಲಿ ಕೊಡುವವರೇ ದಾಸರು. ‘ನಾನು ದಾಸ’ ಎಂಬುದೇ ಆ ಪದದ ಅರ್ಥ. ಹೀಗಿರುವಾಗ ಯಾರು ಯಾರಿಗೆ ಕೃತಜ್ಞರು? ಜಾತ್ರೆಯ ದಾಸೋಹದಲ್ಲಿ ಬಡಿಸುವವರು ‘ಪ್ರಸಾದ ಮಾಡ್ರಿ’ ಎನ್ನುತ್ತಾರೆ. ಉಂಡೆದ್ದವರು ಕೈಮುಗಿದರೆ ‘ನಮ್ಮದೇನದರಿ, ಎಲ್ಲಾ ಬಸವಣ್ಣಂದು’ ಎನ್ನುತ್ತಾರೆ. ಇದು ಬರೀ ವಿನಯದ ಮಾತಲ್ಲ. ಕೃತಜ್ಞತೆಯನ್ನು ತಾವು ಇಟ್ಟುಕೊಳ್ಳದೆ ಮೇಲಕ್ಕೆ ದಾಟಿಸಿ, ಉಂಡವರನ್ನು ಋಣದಿಂದ ಬಿಡಿಸುವ ಉಪಾಯ. ಪಡೆಯುವವರಿಗೂ ಇಲ್ಲಿ ಹೊಣೆಯಿತ್ತು. ಕಲ್ಯಾಣದಲ್ಲಿ ಅಕ್ಕಿ ಆಯುವ ಕಾಯಕದ ಆಯ್ದಕ್ಕಿ ಮಾರಯ್ಯ ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಹೆಂಡತಿ ಲಕ್ಕಮ್ಮ ಹೆಚ್ಚಾದದ್ದನ್ನು ಅಲ್ಲಿಯೇ ಸುರಿದು ಬನ್ನಿ ಎಂದು ಹಿಂದಕ್ಕೆ ಕಳಿಸಿದ ಪ್ರಸಂಗ ಪ್ರಸಿದ್ಧವಾಗಿದೆ.

ಈ ನೆನಪುಗಳಿದ್ದ ನೆಲದಲ್ಲೂ ಮಾತಿನ ಏಣಿ ಮತ್ತೆ ಎದ್ದು ನಿಂತಿತು. ನಿಜಾಮರ ಆಳ್ವಿಕೆಯಲ್ಲಿ ಕಲ್ಯಾಣಿ ಒಂದು ಜಹಗೀರಾಗಿತ್ತು. ದೊರೆತನವಿದ್ದ ಕಡೆಯಲ್ಲೆಲ್ಲ ಆಗುವಂತೆ ಸಲಾಮು ಕೆಳಗಿನಿಂದ ಮೇಲಕ್ಕೆ ಹೋಗುತ್ತಿತ್ತೇ ಹೊರತು ಮೇಲಿನಿಂದ ಕೆಳಕ್ಕೆ ಬರುವುದು ವಿರಳ. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ಸೇರಿತು. 1956ರಲ್ಲಿ ಈ ಸೀಮೆ ಅಂದಿನ ಮೈಸೂರು ರಾಜ್ಯಕ್ಕೆ ಬಂತು, ಕಲ್ಯಾಣಿ ಬಸವಕಲ್ಯಾಣವಾಯಿತು. ಆಳ್ವಿಕೆ ಬದಲಾದಷ್ಟು ಬೇಗ ನಾಲಿಗೆಯ ರೂಢಿ ಬದಲಾಗುವುದಿಲ್ಲ. ವೃದ್ಧಾಪ್ಯ ವೇತನದ ಕಾಗದಕ್ಕೆ ಸಹಿ ಹಾಕಿಸಿಕೊಂಡ ಮುದುಕ ಇಂದಿಗೂ ಕಚೇರಿಯ ಮೇಜಿನ ಮುಂದೆ ಎರಡೂ ಕೈ ಜೋಡಿಸಿ ‘ನಿಮ್ಮಿಂದ ಬದುಕಿದೆ ಸಾಹೇಬ್ರ’ ಎನ್ನುತ್ತಾನೆ. ಎದುರಿಗಿರುವವರು ತಲೆಯೆತ್ತದೆ ‘ಹ್ಞೂಂ’ ಎಂದರೆ ಹೊರೆ ಮುದುಕನ ಮೇಲೆಯೇ ಉಳಿಯಿತು. ‘ಇದು ನಿಮ್ಮ ಹಕ್ಕು ಕಾಕಾ, ಇದು ನಮ್ಮ ಕೆಲಸ’ ಎಂದರೆ ಹೊರೆ ಇಳಿಯಿತು. ಕಾಯಕ ಎಂಬ ಪದವನ್ನು ಭಾಷಣದಲ್ಲಿ ಬಳಸುವುದಕ್ಕಿಂತ ಈ ಒಂದು ವಾಕ್ಯದಲ್ಲಿ ಅದು ಹೆಚ್ಚು ಬದುಕಿದೆ.

ಹಾಗಾದರೆ ಯಾವ ಉತ್ತರ ಸರಿ? ಸಣ್ಣ ನೆರವಿಗೆ ‘ಅದರಾಗೇನದರಿ’, ‘ಇರ್ಲಿ ತೊಗೋರಿ’, ‘ಪರವಾಗಿಲ್ಲ’ ಇವೆಲ್ಲ ಸಾಕು. ಅಂಗಡಿಯವರಿಗೆ ‘ಮತ್ತ ಬರ್ರಿ’ ಎಂಬುದೇ ಸಲೀಸಾದ ಉತ್ತರ. ಹಿರಿಯರು ಹರಸಿದರೆ ತಲೆಬಾಗಿ ಪಡೆಯಬೇಕು. ಅನ್ನಕ್ಕೆ ಬಂದ ಕೃತಜ್ಞತೆಯನ್ನು ತನ್ನದೆನ್ನದೆ ದಾಟಿಸಬೇಕು. ದುಡಿದವರು ತಮ್ಮ ಹಕ್ಕನ್ನು ಪಡೆದು ‘ಧನ್ಯವಾದ’ ಎಂದರೆ ಅದು ಉಪಕಾರವಲ್ಲವೆಂದು ತಿಳಿಸಿಹೇಳಬೇಕು. ಯಾವ ಮಾತೂ ಹೊಳೆಯದಿದ್ದರೆ ಎದೆಯ ಮುಂದೆ ಕೈಜೋಡಿಸಿದರೂ ಆದೀತು. ತಪ್ಪಾಗುವುದು ಒಂದೇ ಕಡೆ: ಉತ್ತರವನ್ನೇ ಕೊಡದೆ ಮುಂದೆ ಹೋಗುವುದು. ಮನೆಗೆ ಬಂದವರ ಕುಶಲ ಕೇಳಲು, ಕೂರಲು ಹೇಳಲು ಖರ್ಚೇನೂ ಆಗುವುದಿಲ್ಲ ಎಂಬ ಅರ್ಥದ ವಚನವನ್ನು ಬಸವಣ್ಣನವರು ಬರೆದದ್ದು, ಖರ್ಚಿಲ್ಲದ ಆ ಮಾತನ್ನೂ ಜನ ಜಿಪುಣತನದಿಂದ ಬಚ್ಚಿಡುತ್ತಾರೆಂದು ಕಂಡದ್ದರಿಂದಲೇ ಇರಬೇಕು.

ಹೋಟೆಲಿನಲ್ಲಿ ಮೇಜು ಒರೆಸುವ ಹುಡುಗ, ಬೆಳಗಿನ ಜಾವ ಬೀದಿ ಗುಡಿಸುವ ತಾಯಿ, ಹೊಲಿದ ಚಪ್ಪಲಿಯನ್ನು ಮುಂದಿಡುವ ಕುಶಲಕರ್ಮಿ ಇವರು ದಿನಕ್ಕೆ ಎಷ್ಟೋ ಜನರಿಗೆ ನಮಸ್ಕಾರ ಹೇಳುತ್ತಾರೆ. ಎಷ್ಟು ಮರಳಿ ಬರುತ್ತವೆ ಎಂಬುದನ್ನು ಊರವರು ತಮ್ಮಷ್ಟಕ್ಕೆ ಲೆಕ್ಕ ಹಾಕಿಕೊಳ್ಳಬಹುದು. ಮರುಶರಣು ದಿನವೂ ಎಲ್ಲರಿಗೂ ಸಿಗುವಂತಾದರೆ ಅದು ಯಾರಿಗೂ ಹೊರೆಯಾಗುವುದಿಲ್ಲ. ಅದಕ್ಕಾಗಿ ಯಾರೂ ತೊಡೆಯ ಚರ್ಮ ತೆಗೆಯಬೇಕಾಗುವುದಿಲ್ಲ.